ಮೊಳಕೆಯಿಂದ ಬೆಳೆಯವರೆಗೆ: ಮಕ್ಕಳ ಬೆಳವಣಿಗೆಯ ದೀರ್ಘಕಾಲಿಕ ಅಧ್ಯಯನಗಳು ಮತ್ತು ಮೈಸೂರಿನ ಜನನ ದಾಖಲೆಗಳು

ಪೀಠಿಕೆ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ಕನ್ನಡಿಗರ ನಿತ್ಯದ ಮಾತಿನಲ್ಲಿ ಬೆರೆತುಹೋಗಿದೆ. ಮಗುವಿನ ಚುರುಕುತನವನ್ನು ಕಂಡು ಅದರ ಮುಂದಿನ ಬಾಳನ್ನು ಊಹಿಸುವಾಗ ಹಿರಿಯರು ಈ ಮಾತನ್ನು ಬಳಸುತ್ತಾರೆ. ಗಾದೆಯು ಅನುಭವದ ಸಾರವೆಂಬುದು ನಿಜವಾದರೂ ವಿಜ್ಞಾನದ ದೃಷ್ಟಿಯಿಂದ ಅದು ಪರೀಕ್ಷೆಗೆ ಒಳಪಡಬೇಕಾದ ಒಂದು ಊಹೆ. ಬಾಲ್ಯದ ಸ್ಥಿತಿಗೂ ಪ್ರೌಢಜೀವನದ ಆರೋಗ್ಯ, ಕಲಿಕೆ, ನೆಮ್ಮದಿಗಳಿಗೂ ಇರುವ ಸಂಬಂಧ ಎಷ್ಟರಮಟ್ಟಿನದು? ಯಾವ ಮೊಳಕೆಯಲ್ಲಿ ಯಾವ ಸಿರಿ ಅಡಗಿದೆ? ಸೊರಗಿದ ಮೊಳಕೆ ಮುಂದೆ ಚೇತರಿಸಿಕೊಳ್ಳಬಲ್ಲದೆ? ಈ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ಮೊಳಕೆಯನ್ನು ಕಂಡಾಗಲೇ ಅದರ ವಿವರವನ್ನು ಬರೆದಿಟ್ಟುಕೊಂಡಿರಬೇಕು. ಹತ್ತಾರು ವರ್ಷಗಳ ಅನಂತರ ಅದೇ ಗಿಡವನ್ನು ಗುರುತಿಸಿ ಮತ್ತೆ ಅಳೆದು ನೋಡಬೇಕು.

ಹೀಗೆ ಒಂದೇ ಗುಂಪಿನ ಮಕ್ಕಳನ್ನು ಹುಟ್ಟಿನಿಂದ ಅಥವಾ ಎಳವೆಯಿಂದ ಮೊದಲ್ಗೊಂಡು ಅವರು ಬೆಳೆಯುತ್ತ ಹೋದಂತೆ ಮತ್ತೆ ಮತ್ತೆ ಪರಿಶೀಲಿಸುವ ಸಂಶೋಧನಾ ಕ್ರಮವೇ ದೀರ್ಘಕಾಲಿಕ ಅನುಸರಣ ಅಧ್ಯಯನ. ಒಂದೇ ಕಾಲಘಟ್ಟದಲ್ಲಿ ಹುಟ್ಟಿದ, ಹೀಗೆ ಅಧ್ಯಯನಕ್ಕೆ ಒಳಗಾದ ಗುಂಪನ್ನು ಕೋಹಾರ್ಟ್ ಎಂದು ಕರೆಯುವ ರೂಢಿಯಿದೆ. ಕನ್ನಡದಲ್ಲಿ ಅದನ್ನು ಜನನವೃಂದ ಎನ್ನಬಹುದು. ಇಂತಹ ಅಧ್ಯಯನಗಳ ಸ್ವರೂಪ, ಅವು ಬೆಳೆದುಬಂದ ಬಗೆ ಮತ್ತು ಅವುಗಳ ಮುಖ್ಯ ಫಲಿತಗಳನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ. ಈ ಕ್ಷೇತ್ರಕ್ಕೆ ಮೈಸೂರು ನಗರದ ಒಂದು ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆಗಳು ನೀಡಿದ ಕೊಡುಗೆಗೆ ಇಲ್ಲಿ ವಿಶೇಷ ಗಮನ ಸಂದಿದೆ.

ಅಧ್ಯಯನ ಕ್ರಮದ ಸ್ವರೂಪ

ಮಕ್ಕಳ ಬೆಳವಣಿಗೆಯನ್ನು ಅರಿಯಲು ಮೂರು ಮಾರ್ಗಗಳಿವೆ. ಮೊದಲನೆಯದು ಒಂದೇ ಹೊತ್ತಿನ ಸಮೀಕ್ಷೆ. ಒಂದು ಊರಿನ ಐದು, ಹತ್ತು, ಹದಿನೈದು ವರ್ಷದ ಮಕ್ಕಳನ್ನು ಒಂದೇ ತಿಂಗಳಲ್ಲಿ ಅಳೆದು ಸರಾಸರಿಗಳನ್ನು ಹೋಲಿಸುವುದು ಇದರ ಕ್ರಮ. ಇದು ಅಗ್ಗ ಮತ್ತು ಶೀಘ್ರ. ಆದರೆ ಇಂದು ಹದಿನೈದು ವರ್ಷದವನಾಗಿರುವ ಹುಡುಗ ಹತ್ತು ವರ್ಷಗಳ ಹಿಂದೆ ಹೇಗಿದ್ದನೆಂಬುದು ಇದರಿಂದ ತಿಳಿಯದು. ಎರಡನೆಯದು ಹಿನ್ನೋಟದ ಅಧ್ಯಯನ. ರೋಗಿಯನ್ನೋ ಆತನ ತಾಯಿಯನ್ನೋ ಬಾಲ್ಯದ ಬಗ್ಗೆ ವಿಚಾರಿಸುವುದು ಇದರ ಕ್ರಮ. ನೆನಪು ಮಾಸುತ್ತದೆ, ಮುಂದೆ ಬಂದ ಕಷ್ಟದ ಬೆಳಕಿನಲ್ಲಿ ಹಿಂದಿನದು ಬೇರೆಯಾಗಿಯೇ ಕಾಣತೊಡಗುತ್ತದೆ. ಹೆತ್ತ ತಾಯಿಯೂ ಮಗು ಹುಟ್ಟಿದಾಗಿನ ತೂಕವನ್ನು ನಲವತ್ತು ವರ್ಷಗಳ ಮೇಲೆ ನಿಖರವಾಗಿ ಹೇಳಲಾರಳು.

ಮೂರನೆಯದೇ ಅನುಸರಣ ಮಾರ್ಗ. ಇಲ್ಲಿ ಕಾರಣವೆಂದು ಶಂಕಿಸಲಾದ ಅಂಶವು ಪರಿಣಾಮ ತಿಳಿಯುವುದಕ್ಕೆ ಮೊದಲೇ ದಾಖಲಾಗಿರುತ್ತದೆ. ಆದುದರಿಂದ ಘಟನೆಗಳ ಪೂರ್ವಾಪರ ಕ್ರಮದಲ್ಲಿ ಗೊಂದಲವಿರುವುದಿಲ್ಲ. ಮೇಲಾಗಿ ಒಂದೊಂದು ಮಗುವಿನ ಬೆಳವಣಿಗೆಯ ಪಥವೇ ಇಲ್ಲಿ ದೊರೆಯುತ್ತದೆ.

ಪಥವನ್ನು ತಿಳಿಯುವುದರ ಪ್ರಯೋಜನವನ್ನು ದೆಹಲಿಯ ಜನನವೃಂದ ಸ್ಪಷ್ಟಪಡಿಸುತ್ತದೆ. 1969ರಿಂದ 1972ರ ಅವಧಿಯಲ್ಲಿ ದಕ್ಷಿಣ ದೆಹಲಿಯ ಒಂದು ಪ್ರದೇಶದಲ್ಲಿ ಹುಟ್ಟಿದ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಬಾಲ್ಯದುದ್ದಕ್ಕೂ ನಿಯತವಾಗಿ ತೂಗಿ ಅಳೆಯಲಾಗಿತ್ತು. ಅವರಲ್ಲಿ ಸುಮಾರು 1,500 ಮಂದಿಯನ್ನು 26ರಿಂದ 32ನೆಯ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿದಾಗ ನೂರಕ್ಕೆ ಸುಮಾರು ಹದಿನೈದು ಮಂದಿಯಲ್ಲಿ ಮಧುಮೇಹ ಅಥವಾ ಅದರ ಪೂರ್ವಸ್ಥಿತಿ ಕಂಡುಬಂದಿತು. ಸಂತೋಷ್ ಭಾರ್ಗವ ಮತ್ತು ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಈ ವಿಶ್ಲೇಷಣೆಯ ಪ್ರಕಾರ, ಅಂಥವರು ಎರಡು ವರ್ಷದ ತನಕ ಸರಾಸರಿಗಿಂತ ಕೃಶರಾಗಿದ್ದು, ಆಮೇಲೆ ಹನ್ನೆರಡರವರೆಗೆ ಓರಗೆಯವರಿಗಿಂತ ವೇಗವಾಗಿ ಮೈದುಂಬಿಕೊಂಡವರು. ಹನ್ನೆರಡನೆಯ ವಯಸ್ಸಿನಲ್ಲಿ ಅವರಲ್ಲಿ ಯಾರೂ ಬೊಜ್ಜಿನ ಮಕ್ಕಳಾಗಿರಲಿಲ್ಲ. ಆ ವಯಸ್ಸಿನಲ್ಲಿ ಒಮ್ಮೆ ಮಾತ್ರ ತಕ್ಕಡಿಯ ಮೇಲೆ ನಿಲ್ಲಿಸಿ ನೋಡಿದ್ದರೆ ಅವರೆಲ್ಲರೂ ಆರೋಗ್ಯವಂತರೆಂದೇ ಗಣನೆಗೆ ಬರುತ್ತಿದ್ದರು. ಅಪಾಯದ ಸುಳಿವು ತೂಕಕ್ಕಿಂತ ಹೆಚ್ಚಾಗಿ ಎರಡರಿಂದ ಹನ್ನೆರಡರವರೆಗಿನ ಬದಲಾವಣೆಯ ವೇಗದಲ್ಲಿತ್ತು.

ಆರಂಭದ ಪ್ರಯತ್ನಗಳು

ಒಂದೇ ಮಗುವನ್ನು ಕುರಿತ ಅನುಸರಣ ದಾಖಲೆ ಹದಿನೆಂಟನೆಯ ಶತಮಾನದಷ್ಟು ಹಳೆಯದು. ಫ್ರಾನ್ಸಿನ ಫಿಲಿಬರ್ ಗೆನೋ ದ ಮೊಂಬೇಯಾರ್ ಎಂಬಾತ 1759ರಲ್ಲಿ ಹುಟ್ಟಿದ ತನ್ನ ಮಗನ ಎತ್ತರವನ್ನು 1777ರವರೆಗೆ, ಸುಮಾರು ಆರು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟನು. ನಿಸರ್ಗ ವಿಜ್ಞಾನಿ ಬುಫೋನನು ಅದನ್ನು ತನ್ನ ಗ್ರಂಥದ ಪುರವಣಿಯಲ್ಲಿ ಪ್ರಕಟಿಸಿದ್ದರಿಂದ ಅದು ಉಳಿದುಬಂದಿತು. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಹುಟ್ಟಿದ ತನ್ನ ಮೊದಲ ಮಗನ ನಡವಳಿಕೆಯನ್ನು ಕುರಿತು ಟಿಪ್ಪಣಿ ಮಾಡಿಕೊಂಡು, ಸುಮಾರು ನಾಲ್ಕು ದಶಕಗಳ ಅನಂತರ, 1877ರಲ್ಲಿ ಅದನ್ನು ಲೇಖನವಾಗಿ ಪ್ರಕಟಿಸಿದನು.

ಗುಂಪಿನ ಅಧ್ಯಯನಕ್ಕೆ ಹೆಸರಾದ ಮೊದಲ ಪ್ರಯತ್ನಗಳಲ್ಲಿ ಒಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1921ರಲ್ಲಿ ಲೂಯಿಸ್ ಟರ್ಮನ್ ಆರಂಭಿಸಿದ ಕಾರ್ಯ. ಬುದ್ಧಿಪರೀಕ್ಷೆಯಲ್ಲಿ ಅತ್ಯುನ್ನತ ಅಂಕ ಪಡೆದ ಸುಮಾರು 1,500 ಮಕ್ಕಳನ್ನು ಆರಿಸಿ ಜೀವನಪರ್ಯಂತ ಅನುಸರಿಸುವುದು ಅದರ ಉದ್ದೇಶವಾಗಿತ್ತು. ಆಯ್ಕೆಯಾದವರಲ್ಲಿ ಬಹುಮಂದಿ ಸುಖಕರ ಜೀವನ ನಡೆಸಿದರು. ಆದರೆ ಅಂಕ ಸಾಲದೆಂದು ಕೈಬಿಟ್ಟವರಲ್ಲಿ ಒಬ್ಬನಾದ ವಿಲಿಯಂ ಶಾಕ್ಲಿ 1956ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಗೆ ಪಾಲುದಾರನಾದನು. ಆರಿಸಿದ ಮಕ್ಕಳನ್ನಷ್ಟೇ ಅನುಸರಿಸಿದರೆ ಆರಿಸದೆ ಬಿಟ್ಟವರ ವಿಷಯದಲ್ಲಿ ಏನೂ ತಿಳಿಯುವುದಿಲ್ಲವೆಂಬ ಪಾಠವನ್ನು ಈ ಅಧ್ಯಯನ ಕಲಿಸಿತು. ಒಂದು ಪ್ರದೇಶದಲ್ಲಿ ಅಥವಾ ಒಂದು ಅವಧಿಯಲ್ಲಿ ಹುಟ್ಟಿದ ಎಲ್ಲ ಮಕ್ಕಳನ್ನೂ ಒಳಗೊಳ್ಳುವ ಕ್ರಮ ಮುಂದೆ ಬಲಗೊಂಡದ್ದಕ್ಕೆ ಇಂತಹ ಅರಿವೂ ಒಂದು ಕಾರಣ.

ಬ್ರಿಟನ್ನಿನ ಒಂದು ವಾರದ ಮಕ್ಕಳು

ಎರಡನೆಯ ಮಹಾಯುದ್ಧದ ಬೆನ್ನಲ್ಲೇ, 1946ರ ಮಾರ್ಚ್ ತಿಂಗಳ ಒಂದು ವಾರದಲ್ಲಿ ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡುಗಳಲ್ಲಿ ಹೆರಿಗೆಯಾದ ತಾಯಂದಿರನ್ನು ಆರೋಗ್ಯ ಸಂದರ್ಶಕಿಯರು ಮನೆಮನೆಗೆ ಹೋಗಿ ಕಂಡರು. 13,687 ತಾಯಂದಿರಿಂದ ವಿವರಗಳು ದೊರೆತವು. ಜೇಮ್ಸ್ ಡಗ್ಲಸ್ ಎಂಬ ವೈದ್ಯ ಇದರ ನೇತಾರ. ಜನನ ಪ್ರಮಾಣದ ಕುಸಿತ, ಹೆರಿಗೆಗೆ ತಗಲುವ ಖರ್ಚು ಹಾಗೂ ಬಾಣಂತಿಯರಿಗೆ ದೊರೆಯುವ ಸೇವೆಗಳನ್ನು ತಿಳಿಯುವುದಷ್ಟೇ ಆರಂಭದ ಉದ್ದೇಶವಾಗಿತ್ತು. ಒಮ್ಮೆ ನಡೆದು ಮುಗಿಯಬೇಕಾಗಿದ್ದ ಈ ಸಮೀಕ್ಷೆಯನ್ನು ಡಗ್ಲಸ್ ಬಿಟ್ಟುಕೊಡಲಿಲ್ಲ. 5,362 ಮಕ್ಕಳನ್ನು ಆಯ್ದು ಅವರ ಆರೋಗ್ಯ, ಶಾಲೆ ಮತ್ತು ಮನೆಯ ಪರಿಸ್ಥಿತಿಗಳನ್ನು ಅನುಸರಿಸುತ್ತ ಹೋದನು. ಆ ಮಕ್ಕಳು 2016ರಲ್ಲಿ ಎಪ್ಪತ್ತು ವರ್ಷ ತುಂಬಿದವರಾದರು.

ಈ ಮಕ್ಕಳು ಹನ್ನೊಂದು ವರ್ಷದವರಾದಾಗ ಬ್ರಿಟನ್ನಿನಲ್ಲಿ ಪರೀಕ್ಷೆಯೊಂದರ ಮೂಲಕ ಪ್ರೌಢಶಾಲೆಯ ಬಗೆಯನ್ನು ನಿರ್ಧರಿಸುವ ಪದ್ಧತಿಯಿತ್ತು. ಜಾಣ ಮಗು ಯಾವ ಮನೆಯದಾದರೂ ಮುಂದೆ ಬರುತ್ತದೆಂಬುದು ಆ ಪದ್ಧತಿಯ ಹಿಂದಿನ ನಂಬಿಕೆ. ಡಗ್ಲಸ್ 1964ರಲ್ಲಿ ಪ್ರಕಟಿಸಿದ ಗ್ರಂಥವು ಆ ನಂಬಿಕೆಯನ್ನು ಅಲುಗಾಡಿಸಿತು. ಸಮಾನ ಸಾಮರ್ಥ್ಯವುಳ್ಳ ಮಕ್ಕಳಲ್ಲಿಯೂ ಕಾರ್ಮಿಕರ ಮನೆಯವರಿಗೆ ಉತ್ತಮ ಶಾಲೆಯ ಪ್ರವೇಶ ಕಡಿಮೆ ದೊರೆಯುತ್ತಿತ್ತೆಂಬುದನ್ನು ಅದು ಅಂಕಿ ಅಂಶಗಳಿಂದ ತೋರಿಸಿತು. ಶಾಲಾ ವ್ಯವಸ್ಥೆಯ ಸುಧಾರಣೆಯ ಚರ್ಚೆಗೆ ಇದರಿಂದ ಬಲ ಬಂದಿತು.

ಅದೇ ಮಾದರಿಯಲ್ಲಿ 1958, 1970 ಮತ್ತು 2000ದ ಬಳಿಕ ಹುಟ್ಟಿದ ಮಕ್ಕಳ ವೃಂದಗಳು ಅಲ್ಲಿ ರೂಪುಗೊಂಡವು. ಸುಮಾರು ಹದಿನೇಳು ಸಾವಿರ ಶಿಶುಗಳ 1958ರ ವೃಂದದಿಂದ, ಗರ್ಭಿಣಿಯರ ಧೂಮಪಾನಕ್ಕೂ ಶಿಶುಗಳ ಕಡಿಮೆ ತೂಕ ಮತ್ತು ಮರಣಕ್ಕೂ ಇರುವ ಸಂಬಂಧಕ್ಕೆ ಗಟ್ಟಿಯಾದ ಆಧಾರ ದೊರೆಯಿತು.

ಡ್ಯುನೇಡಿನ್ ಮತ್ತು ಕವಾಯ್

ಸಂಖ್ಯೆಯಲ್ಲಿ ಚಿಕ್ಕದಾದರೂ ಅನುಸರಣೆಯ ಶಿಸ್ತಿನಲ್ಲಿ ಮೇಲ್ಪಂಕ್ತಿಯೆನಿಸಿದ್ದು ನ್ಯೂಜಿಲೆಂಡಿನ ಡ್ಯುನೇಡಿನ್ ಅಧ್ಯಯನ. 1972ರ ಏಪ್ರಿಲ್‌ನಿಂದ 1973ರ ಮಾರ್ಚ್‌ವರೆಗೆ ಆ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ 1,037 ಮಕ್ಕಳು ಮೂರನೆಯ ವಯಸ್ಸಿನಲ್ಲಿ ಇದರೊಳಗೆ ಸೇರಿದರು. ಫಿಲ್ ಸಿಲ್ವ ಎಂಬಾತ ಇದರ ಸ್ಥಾಪಕ. ಸದಸ್ಯರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಪ್ರಯಾಣದ ವೆಚ್ಚವನ್ನು ಭರಿಸಿ ಅವರನ್ನು ಡ್ಯುನೇಡಿನ್‌ಗೆ ಕರೆಸಿಕೊಳ್ಳುವುದು ಈ ಅಧ್ಯಯನದ ವಿಶೇಷ. 45ನೆಯ ವಯಸ್ಸಿನ ಸುತ್ತಿನಲ್ಲಿ ಬದುಕಿದ್ದ 997 ಸದಸ್ಯರ ಪೈಕಿ 938 ಮಂದಿ, ಎಂದರೆ ಶೇಕಡಾ 94ರಷ್ಟು ಜನ, ಪಾಲ್ಗೊಂಡರು.

ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ಇದರ ಫಲಿತಗಳು ಗಮನಾರ್ಹವಾಗಿವೆ. 26ನೆಯ ವಯಸ್ಸಿನಲ್ಲಿ ಮನೋರೋಗದ ಲಕ್ಷಣಗಳಿದ್ದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಹದಿನೈದು ತುಂಬುವ ಮೊದಲೇ, ಮುಕ್ಕಾಲು ಪಾಲು ಜನಕ್ಕೆ ಹದಿನೆಂಟರೊಳಗೇ ಯಾವುದಾದರೊಂದು ಮಾನಸಿಕ ತೊಂದರೆ ಕಾಣಿಸಿಕೊಂಡಿತ್ತೆಂಬುದು 2003ರ ವರದಿಯಿಂದ ತಿಳಿದುಬಂದಿತು. ವಯಸ್ಕರ ಕಾಯಿಲೆಯೆಂದು ಭಾವಿಸಲಾಗಿದ್ದುದರ ಬೇರು ಶಾಲಾ ವಯಸ್ಸಿನಲ್ಲಿತ್ತು. ಮೊದಲ ಹತ್ತು ವರ್ಷಗಳಲ್ಲಿ ಮಗುವಿನಲ್ಲಿ ಕಂಡ ಸಂಯಮದ ಮಟ್ಟಕ್ಕೂ 32ನೆಯ ವಯಸ್ಸಿನ ಆರೋಗ್ಯ ಮತ್ತು ಹಣಕಾಸಿನ ಸ್ಥಿತಿಗೂ ಸಂಬಂಧವಿರುವುದನ್ನು ಟೆರಿ ಮಾಫಿಟ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಕುಟುಂಬದ ಅಂತಸ್ತು ಮತ್ತು ಮಗುವಿನ ಬುದ್ಧಿಮತ್ತೆಗಳನ್ನು ಲೆಕ್ಕಕ್ಕೆ ಹಿಡಿದ ಮೇಲೆಯೂ ಈ ಸಂಬಂಧ ಉಳಿಯಿತು.

ಈ ಬಗೆಯ ಫಲಿತಗಳನ್ನು ಮಾತ್ರ ಓದಿದವರು ಬಾಲ್ಯವೇ ಹಣೆಬರಹವೆಂಬ ತೀರ್ಮಾನಕ್ಕೆ ಬರಬಹುದು. ಹವಾಯಿ ದ್ವೀಪಸಮೂಹದ ಕವಾಯ್ ಎಂಬಲ್ಲಿ ನಡೆದ ಅಧ್ಯಯನ ಅದಕ್ಕೆ ಎದುರಾದ ಸಾಕ್ಷ್ಯವನ್ನು ಒದಗಿಸುತ್ತದೆ. 1955ರಲ್ಲಿ ಆ ದ್ವೀಪದಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಳ ಕಾಲ ಅನುಸರಿಸಿದರು. ಬಡತನ, ಹುಟ್ಟಿನ ತೊಡಕು, ಪೋಷಕರ ಕಲಹ ಅಥವಾ ಮನೋರೋಗ ಮುಂತಾದ ಹಲವು ಹೊರೆಗಳನ್ನು ಒಟ್ಟಿಗೆ ಹೊತ್ತ ಮಕ್ಕಳಲ್ಲಿ ಮೂರನೆಯ ಒಂದು ಭಾಗ ಸಮರ್ಥರೂ ಆತ್ಮವಿಶ್ವಾಸವುಳ್ಳವರೂ ಆಗಿ ಬೆಳೆದರು. ಅಂತಹವರ ಬಾಲ್ಯದಲ್ಲಿ ತಂದೆತಾಯಿಯಲ್ಲದಿದ್ದರೂ ಅಜ್ಜಿಯೋ ಉಪಾಧ್ಯಾಯರೋ ನೆರೆಯವರೋ, ಭರವಸೆಯಿಂದ ಕೈಹಿಡಿದ ಒಬ್ಬ ಹಿರಿಯರಾದರೂ ಇದ್ದರೆಂಬುದು ಈ ಅಧ್ಯಯನದ ಮುಖ್ಯ ತಿಳಿವಳಿಕೆಗಳಲ್ಲಿ ಒಂದು. ಗಾದೆಯು ಹೇಳುವ ಮೊಳಕೆಯ ಜೊತೆಗೆ ನೆಲ, ನೀರು ಮತ್ತು ಆರೈಕೆಗಳೂ ಬೆಳೆಯನ್ನು ನಿರ್ಧರಿಸುತ್ತವೆಯೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಹರ್ಟ್‌ಫರ್ಡ್‌ಶೈರಿನ ಕಡತಗಳು

ಮೇಲಿನ ಅಧ್ಯಯನಗಳೆಲ್ಲ ಮುಂದಾಲೋಚನೆಯಿಂದ ಆರಂಭವಾದಂಥವು. ಅವುಗಳ ಫಲ ದೊರೆಯಲು ಒಂದು ತಲೆಮಾರು ಕಾಯಬೇಕು. ಹಿಂದೊಮ್ಮೆ ಯಾರೋ ಬೇರೆ ಉದ್ದೇಶದಿಂದ ಬರೆದಿಟ್ಟ ದಾಖಲೆಗಳನ್ನು ಹುಡುಕಿ, ಅವುಗಳಲ್ಲಿ ಹೆಸರಿಸಲಾದ ಮಕ್ಕಳನ್ನು ಅವರ ಮುಪ್ಪಿನಲ್ಲಿ ಪತ್ತೆಹಚ್ಚುವುದು ಆ ಕಾಯುವಿಕೆಯನ್ನು ತಪ್ಪಿಸುವ ಇನ್ನೊಂದು ದಾರಿ.

ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಪ್ರಾಂತದಲ್ಲಿ 1911ರಿಂದ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಅಧಿಕಾರಿಣಿಯ ಮೇಲ್ವಿಚಾರಣೆಯಲ್ಲಿ ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕಿಯರು ಪ್ರತಿ ಶಿಶುವಿನ ಹುಟ್ಟಿದ ತೂಕ, ಒಂದು ವರ್ಷದ ತೂಕ ಮತ್ತು ಹಾಲೂಡಿಸಿದ ಕ್ರಮಗಳನ್ನು ದೊಡ್ಡ ಕಡತಗಳಲ್ಲಿ ನಮೂದಿಸುತ್ತಿದ್ದರು. ಶಿಶುಗಳ ಮರಣವನ್ನು ತಗ್ಗಿಸುವುದು ಅವರ ಗುರಿ. ಆ ಶಿಶುಗಳ ವೃದ್ಧಾಪ್ಯದ ಹೃದ್ರೋಗದ ಯೋಚನೆ ಅವರಿಗಿರಲು ಸಾಧ್ಯವಿರಲಿಲ್ಲ. ಸೌತಾಂಪ್ಟನ್‌ನ ಡೇವಿಡ್ ಬಾರ್ಕರ್ ಮತ್ತು ತಂಡದವರು ಆ ಕಡತಗಳ ನೆರವಿನಿಂದ 1911–1930ರ ಅವಧಿಯಲ್ಲಿ ಹುಟ್ಟಿದ 5,654 ಗಂಡಸರ ವಿವರಗಳನ್ನು ಮರಣ ದಾಖಲೆಗಳೊಡನೆ ಹೋಲಿಸಿದರು. ಹುಟ್ಟಿದಾಗ ಮತ್ತು ಒಂದು ವರ್ಷದಲ್ಲಿ ತೂಕ ಕಡಿಮೆಯಿದ್ದವರು ಹೃದಯಾಘಾತದಂಥ ಕಾಯಿಲೆಗಳಿಂದ ಸಾಯುವ ಪ್ರಮಾಣ ಹೆಚ್ಚೆಂಬುದು 1989ರಲ್ಲಿ ಪ್ರಕಟವಾಯಿತು. ಗರ್ಭದಲ್ಲಿ ಪೋಷಣೆ ಸಾಲದ ಶಿಶುವಿನ ದೇಹ ಅದಕ್ಕೆ ಹೊಂದಿಕೊಳ್ಳಲು ಮಾಡಿಕೊಳ್ಳುವ ಮಾರ್ಪಾಟುಗಳು ಜೀವನಪೂರ್ತಿ ಉಳಿದು ಮುಂದೆ ರೋಗಕ್ಕೆ ಎಡೆಗೊಡುತ್ತವೆಯೆಂಬುದು ಬಾರ್ಕರ್‌ನ ವಾದ.

ಈ ವಾದಕ್ಕೆ ಆಕ್ಷೇಪಗಳೂ ಬಂದವು. ಬಡವರ ಮಕ್ಕಳು ಕಡಿಮೆ ತೂಕದವರಾಗಿ ಹುಟ್ಟುತ್ತಾರೆ, ಬಡವರಾಗಿಯೇ ಬದುಕುತ್ತಾರೆ. ಹೃದ್ರೋಗಕ್ಕೆ ಆ ಬಡತನವೇ ಕಾರಣವಾಗಿರಬಾರದೇಕೆ ಎಂಬುದು ಅವುಗಳಲ್ಲಿ ಮುಖ್ಯವಾದುದು. ಬೇರೆ ಬಗೆಯ ಸಮಾಜದಲ್ಲಿ, ಬೇರೆ ಬಗೆಯ ಆಹಾರ ಪದ್ಧತಿಯ ಜನರಲ್ಲಿ ಇದನ್ನು ಪರೀಕ್ಷಿಸುವುದು ಅಗತ್ಯವಾಯಿತು. ಕಡಿಮೆ ತೂಕದ ಶಿಶುಗಳು ಬಹುಸಂಖ್ಯೆಯಲ್ಲಿದ್ದು, ಮಧುಮೇಹ ಮತ್ತು ಹೃದ್ರೋಗಗಳು ವೇಗವಾಗಿ ಹೆಚ್ಚುತ್ತಿದ್ದ ಭಾರತ ಅದಕ್ಕೆ ತಕ್ಕ ನೆಲವಾಗಿತ್ತು. ಆದರೆ ಅರವತ್ತು ವರ್ಷಗಳ ಹಿಂದಿನ ಜನನ ತೂಕದ ದಾಖಲೆಗಳು ಭಾರತದಲ್ಲಿ ಎಲ್ಲಿ ಉಳಿದಿದ್ದವು?

ಮೈಸೂರಿನ ಮಿಷನ್ ಆಸ್ಪತ್ರೆ

ಈ ಪ್ರಶ್ನೆಗೆ ಉತ್ತರ ಮೈಸೂರಿನಲ್ಲಿ ದೊರೆಯಿತು. ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯೆಂದೇ ಹೆಸರಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ ಸ್ಥಾಪನೆಯಾದುದು. ಅಲ್ಲಿ 1934ರಿಂದಲೂ ಹೆರಿಗೆಯ ದಾಖಲೆಗಳನ್ನು ಕಾಪಾಡಿಕೊಂಡು ಬರಲಾಗಿತ್ತು. ಶಿಶುವಿನ ತೂಕದ ಜೊತೆಗೆ ಉದ್ದ ಮತ್ತು ತಲೆಯ ಸುತ್ತಳತೆಗಳೂ, ತಾಯಿಯ ತೂಕವೂ ಅವುಗಳಲ್ಲಿ ನಮೂದಾಗಿದ್ದವು. ತೂಕವೊಂದನ್ನೇ ಬರೆಯುವ ರೂಢಿಯಿದ್ದ ಕಾಲದಲ್ಲಿ ಇಷ್ಟು ವಿವರ ಉಳಿದಿದ್ದುದು ಅಪೂರ್ವ ಸಂಗತಿ.

ದಾಖಲೆಯಿಂದ ವ್ಯಕ್ತಿಯನ್ನು ಹುಡುಕುವುದು ಸುಲಭವಲ್ಲ. ಹುಟ್ಟಿದ ಶಿಶುವಿಗೆ ಹೆಸರಿರುವುದಿಲ್ಲ. ನಾಮಕರಣ ಆಮೇಲಿನ ಮಾತು. ಆದುದರಿಂದ ಹೆರಿಗೆ ಪುಸ್ತಕದಲ್ಲಿರುವುದು ತಾಯಿಯ ಹೆಸರು ಮತ್ತು ದಿನಾಂಕ. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾರೆ. ಗಂಡುಮಕ್ಕಳು ನೌಕರಿಗಾಗಿ ವಲಸೆ ಹೋಗುತ್ತಾರೆ. ಬ್ರಿಟನ್ನಿನಲ್ಲಿ ರಾಷ್ಟ್ರೀಯ ನೋಂದಣಿಯ ಮೂಲಕ ಸಾಧ್ಯವಾದ ಪತ್ತೆಕಾರ್ಯಕ್ಕೆ ಇಲ್ಲಿ ಮನೆ ಮನೆಯ ಬಾಗಿಲು ತಟ್ಟಬೇಕಾಯಿತು. ಆಸ್ಪತ್ರೆಯ ವೈದ್ಯರು ಹಾಗೂ ಕ್ಷೇತ್ರ ಕಾರ್ಯಕರ್ತರು ಸೌತಾಂಪ್ಟನ್‌ನ ಕ್ಯಾರೊಲಿನ್ ಫಾಲ್ ಮೊದಲಾದವರ ಜೊತೆಗೂಡಿ, 1934–1954ರ ನಡುವೆ ಆ ಆಸ್ಪತ್ರೆಯಲ್ಲಿ ಹುಟ್ಟಿ ಇನ್ನೂ ಅದರ ಆಸುಪಾಸಿನಲ್ಲಿ ವಾಸವಾಗಿದ್ದವರನ್ನು ಗುರುತಿಸಿದರು.

ಅವರಲ್ಲಿ 517 ಸ್ತ್ರೀಪುರುಷರ ಪರೀಕ್ಷೆಯ ಫಲಿತಗಳು 1996ರಲ್ಲಿ ಪ್ರಕಟವಾದವು. ಐದೂವರೆ ಪೌಂಡ್, ಎಂದರೆ ಸುಮಾರು ಎರಡೂವರೆ ಕಿಲೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದವರಾಗಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆಯಿತ್ತು. ಏಳು ಪೌಂಡ್ ಅಥವಾ ಹೆಚ್ಚು ತೂಗಿದ್ದವರಲ್ಲಿ ಅದು ನೂರಕ್ಕೆ 3 ಮಾತ್ರ. ನಲವತ್ತೈದು ವರ್ಷ ದಾಟಿದವರಲ್ಲಿ ಈ ಪ್ರವೃತ್ತಿ ಹೆಚ್ಚು ಸ್ಪಷ್ಟವಾಗಿತ್ತು. ಶಿಶುವಿನ ತೂಕ ಐದೂವರೆ ಪೌಂಡಿಗೆ ಮೀರದೆ, ಬಸುರಿನಲ್ಲಿ ತಾಯಿಯ ತೂಕವೂ ನೂರು ಪೌಂಡಿಗಿಂತ ಕಡಿಮೆಯಿದ್ದ ಸಂದರ್ಭಗಳಲ್ಲಿ ಕಾಯಿಲೆಯ ಪ್ರಮಾಣ ನೂರಕ್ಕೆ 20ರಷ್ಟಾಗಿತ್ತು. ತಾಯಿ ಸಾಕಷ್ಟು ಉಣ್ಣದ ಕಾಲದ ಗುರುತು ಮಗುವಿನ ಐವತ್ತನೆಯ ವಯಸ್ಸಿನ ಹೃದಯದಲ್ಲಿ ಕಾಣಿಸಿಕೊಂಡಿತೆಂದು ಇದನ್ನು ಅರ್ಥೈಸಲಾಗಿದೆ.

ಮಧುಮೇಹದ ವಿಷಯದಲ್ಲಿ ಮಾತ್ರ ಮೈಸೂರಿನ ದಾಖಲೆಗಳು ಯುರೋಪಿನ ಫಲಿತವನ್ನು ಯಥಾವತ್ತಾಗಿ ಒಪ್ಪಲಿಲ್ಲ. 1998ರಲ್ಲಿ ಪ್ರಕಟವಾದ ವರದಿಯಂತೆ, ಹುಟ್ಟಿದಾಗ ಉದ್ದಕ್ಕೆ ಹೋಲಿಸಿದರೆ ತೂಕ ಹೆಚ್ಚಾಗಿದ್ದ, ಎಂದರೆ ಗಿಡ್ಡಾಗಿ ದುಂಡಗಿದ್ದ ಶಿಶುಗಳಲ್ಲಿಯೇ ಮುಂದೆ ಮಧುಮೇಹ ಹೆಚ್ಚಾಗಿತ್ತು. ಅವರ ತಾಯಂದಿರು ಉಳಿದವರಿಗಿಂತ ಹೆಚ್ಚು ತೂಕದವರಾಗಿದ್ದರು. ಗರ್ಭಾವಸ್ಥೆಯಲ್ಲಿ ತಾಯಿಗೆ ಬರುವ ಮಧುಮೇಹ ಇದಕ್ಕೆ ಕಾರಣವಿರಬಹುದೆಂಬ ಊಹೆ ಹುಟ್ಟಿತು. ಶಿಶುವಿನ ಉದ್ದವನ್ನು ಅಂದು ಬರೆದಿಡದಿದ್ದಲ್ಲಿ ಈ ಊಹೆ ಹುಟ್ಟಲು ಆಧಾರವೇ ಇರುತ್ತಿರಲಿಲ್ಲ. ಒಂದು ನಾಡಿನ ಮಕ್ಕಳಿಂದ ತಿಳಿದುದನ್ನು ಇನ್ನೊಂದು ನಾಡಿನ ಮಕ್ಕಳಿಗೆ ಪರೀಕ್ಷೆಯಿಲ್ಲದೆ ಅನ್ವಯಿಸಲಾಗದೆಂಬುದಕ್ಕೂ ಇದು ನಿದರ್ಶನ.

ಹಳೆಯ ದಾಖಲೆ ಎತ್ತಿದ ಪ್ರಶ್ನೆಗೆ ಉತ್ತರ ಕಾಣಲು ಹೊಸ ಜನನವೃಂದವೊಂದು ಅದೇ ಆಸ್ಪತ್ರೆಯಲ್ಲಿ ರೂಪುಗೊಂಡಿತು. ಪಾರ್ಥೆನಾನ್ ಅಧ್ಯಯನವೆಂದು ಹೆಸರಾದ ಇದರಲ್ಲಿ 1997–98ರಲ್ಲಿ 830 ಗರ್ಭಿಣಿಯರು ಸೇರಿದರು. ಅವರ ರಕ್ತದ ಸಕ್ಕರೆಯನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು ಆರು ಮಂದಿಯಲ್ಲಿ ಗರ್ಭಾವಸ್ಥೆಯ ಮಧುಮೇಹ ಕಂಡುಬಂದಿತು. ಅಂಥ ತಾಯಂದಿರ ಮಕ್ಕಳಲ್ಲಿ, ಅದರಲ್ಲಿಯೂ ಹೆಣ್ಣುಮಕ್ಕಳಲ್ಲಿ, ಐದನೆಯ ವಯಸ್ಸಿಗೇ ಚರ್ಮದಡಿಯ ಕೊಬ್ಬು ಮತ್ತು ಇನ್ಸುಲಿನ್ ಮಟ್ಟ ಹೆಚ್ಚಾಗಿದ್ದುವು. ಒಂಬತ್ತೂವರೆ ವರ್ಷದ ಸುತ್ತಿನಲ್ಲಿ ಈ ಅಂತರ ಇನ್ನಷ್ಟು ಸ್ಪಷ್ಟವಾಯಿತು. ತಾಯಂದಿರಲ್ಲಿ ನೂರಕ್ಕೆ 43 ಮಂದಿಗೆ ವಿಟಮಿನ್ ಬಿ-12ರ ಕೊರತೆಯಿದ್ದುದೂ ತಿಳಿದುಬಂದಿತು. ಜಿ.ವಿ. ಕೃಷ್ಣವೇಣಿ, ಎಸ್.ಆರ್. ವೀಣಾ ಮೊದಲಾದ ಸಂಶೋಧಕರು ಈ ಮಕ್ಕಳ ದೇಹದ ಬೆಳವಣಿಗೆಯ ಜೊತೆಗೆ ಬುದ್ಧಿಶಕ್ತಿಯನ್ನೂ ಅಳೆದರು. ಬಸುರಿನಲ್ಲಿ ತಾಯಿಯ ರಕ್ತದ ಫೋಲೇಟ್ ಮಟ್ಟ ಉತ್ತಮವಾಗಿದ್ದ ಮಕ್ಕಳು ಒಂಬತ್ತು ಹತ್ತರ ವಯಸ್ಸಿನಲ್ಲಿ ಗ್ರಹಣಶಕ್ತಿಯ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಪಡೆದರೆಂಬುದು 2010ರ ವರದಿಯಲ್ಲಿದೆ.

ಭಾರತದ ಇತರ ಪ್ರಯತ್ನಗಳು

ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ಸಿ.ಎಸ್. ಯಾಜ್ಞಿಕ್ 1993ರಲ್ಲಿ ಆರಂಭಿಸಿದ ಅಧ್ಯಯನ, ಭಾರತೀಯ ಶಿಶುವಿನ ದೇಹರಚನೆಯ ವೈಶಿಷ್ಟ್ಯವನ್ನು ಬೆಳಕಿಗೆ ತಂದಿತು. ಅಲ್ಲಿನ ಶಿಶುಗಳ ಸರಾಸರಿ ತೂಕ 2.7 ಕಿಲೋಗ್ರಾಂ, ಹೋಲಿಕೆಗೆ ತೆಗೆದುಕೊಂಡ ಸೌತಾಂಪ್ಟನ್‌ನ ಶಿಶುಗಳದು 3.5. ಸ್ನಾಯುವಿನಲ್ಲಿ ಕೃಶವಾಗಿದ್ದರೂ ಪುಣೆಯ ಶಿಶುವಿನ ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಿರಲಿಲ್ಲ.

ದೇಹದ ಅಳತೆಯಾಚೆಗೆ ಬಡತನ, ಶಾಲೆ ಮತ್ತು ಮಕ್ಕಳ ದುಡಿಮೆಗಳನ್ನು ಅನುಸರಿಸುವ ಕಾರ್ಯ 2002ರಲ್ಲಿ ‘ಯಂಗ್ ಲೈವ್ಸ್’ ಎಂಬ ಹೆಸರಿನಲ್ಲಿ ಆರಂಭವಾಯಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೇತೃತ್ವದ ಈ ಅಧ್ಯಯನ ಇಥಿಯೋಪಿಯ, ಪೆರು, ವಿಯೆಟ್ನಾಂ ಮತ್ತು ಭಾರತದ ಸುಮಾರು 12,000 ಮಕ್ಕಳನ್ನು ಒಳಗೊಂಡಿದೆ. ಭಾರತದ ಸುಮಾರು 3,000 ಮಕ್ಕಳು ಅಂದಿನ ಅವಿಭಜಿತ ಆಂಧ್ರಪ್ರದೇಶದವರು. ಕರ್ನಾಟಕದ ಗಡಿಗೆ ತಾಗಿದ ಅನಂತಪುರ, ಮಹಬೂಬ್‌ನಗರ ಜಿಲ್ಲೆಗಳೂ ಅದರಲ್ಲಿ ಸೇರಿವೆ. ಎಳವೆಯಲ್ಲಿ ಬರಗಾಲಕ್ಕೆ ಸಿಕ್ಕಿ ಬೆಳವಣಿಗೆ ಕುಗ್ಗಿದ ಮಕ್ಕಳಿಗೆ ಶಾಲೆಯ ಮಧ್ಯಾಹ್ನದ ಬಿಸಿಯೂಟ ಆ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಟ್ಟಿತೆಂಬುದು ಈ ಅಧ್ಯಯನದ ಮಾಹಿತಿಯಿಂದ ಸಿದ್ಧಪಟ್ಟಿದೆ. ಒಣಗಿದ ಮೊಳಕೆಗೆ ನೀರೆರೆದರೆ ಅದು ಚಿಗುರಬಲ್ಲದೆಂಬುದಕ್ಕೆ ಇದು ಅಂಕಿ ಅಂಶಗಳ ಆಧಾರ.

ಮಕ್ಕಳ ಮತ್ತು ತರುಣರ ಮಾನಸಿಕ ಆರೋಗ್ಯವನ್ನು ಕುರಿತಂತೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮುಂದಾಳುತನದಲ್ಲಿ ‘ಸಿ-ವೇದ’ ಎಂಬ ಬಹುಕೇಂದ್ರ ಅಧ್ಯಯನ ಕಳೆದ ದಶಕದಲ್ಲಿ ರೂಪುಗೊಂಡಿದೆ. 6ರಿಂದ 23 ವರ್ಷದೊಳಗಿನವರನ್ನು ಒಳಗೊಂಡ ಈ ಅಧ್ಯಯನದ ಕೇಂದ್ರಗಳಲ್ಲಿ ಮೈಸೂರೂ ಒಂದು.

ತೊಡಕುಗಳು ಮತ್ತು ಹೊಣೆಗಾರಿಕೆ

ಅನುಸರಣ ಅಧ್ಯಯನದ ದೊಡ್ಡ ಶತ್ರು ಸದಸ್ಯರ ಸೋರಿಕೆ. ವರ್ಷ ಕಳೆದಂತೆ ಕೆಲವರು ಊರು ಬಿಡುತ್ತಾರೆ, ಕೆಲವರು ಬೇಸತ್ತು ದೂರವಾಗುತ್ತಾರೆ. ಕೈತಪ್ಪುವವರಲ್ಲಿ ಬಡವರು, ವಲಸಿಗರು ಮತ್ತು ರೋಗಿಗಳೇ ಹೆಚ್ಚಾಗಿರುವ ಸಂಭವವಿರುವುದರಿಂದ ಉಳಿದವರ ಸರಾಸರಿ ವಾಸ್ತವಕ್ಕಿಂತ ಚೆನ್ನಾಗಿ ಕಾಣುತ್ತದೆ. ಇದಲ್ಲದೆ, ಒಂದು ವೃಂದ ಬೆಳೆಯುವ ಹೊತ್ತಿಗೆ ಕಾಲವೇ ಬದಲಾಗಿರುತ್ತದೆ. 1946ರ ಪಡಿತರದ ದಿನಗಳ ಮಗುವಿನ ಅನುಭವ 2000ದ ಮಗುವಿಗೆ ಹೊಂದದು. ಜೊತೆಯಾಗಿ ಕಂಡ ಎರಡು ಸಂಗತಿಗಳಲ್ಲಿ ಒಂದು ಇನ್ನೊಂದಕ್ಕೆ ಕಾರಣವೆಂದು ಸಾಧಿಸುವುದೂ ಕಠಿಣ.

ಹಣವೊಂದರಿಂದಲೇ ಈ ತೊಡಕುಗಳು ನಿವಾರಣೆಯಾಗುವುದಿಲ್ಲ. ಅಮೆರಿಕ ಒಂದು ಲಕ್ಷ ಮಕ್ಕಳನ್ನು ಅನುಸರಿಸಲು ಯೋಜಿಸಿದ್ದ ರಾಷ್ಟ್ರೀಯ ಅಧ್ಯಯನ, ನೂರು ಕೋಟಿ ಡಾಲರಿಗೂ ಮಿಗಿಲಾದ ವೆಚ್ಚದ ಬಳಿಕ 2014ರಲ್ಲಿ ರದ್ದಾಯಿತು. ಎಂಬತ್ತು ಸಾವಿರ ಶಿಶುಗಳ ಗುರಿಯಿಟ್ಟುಕೊಂಡು ಬ್ರಿಟನ್ನಿನಲ್ಲಿ 2015ರಲ್ಲಿ ಆರಂಭವಾದ ಅಧ್ಯಯನ ಸಾಕಷ್ಟು ತಾಯಂದಿರು ಸೇರದ ಕಾರಣ ಅದೇ ವರ್ಷ ನಿಂತುಹೋಯಿತು. ಸಾವಿರದಷ್ಟೇ ಸದಸ್ಯರಿದ್ದ ಡ್ಯುನೇಡಿನ್ ಅಧ್ಯಯನ ಉಳಿದು ಬೆಳೆದುದಕ್ಕೆ ಸದಸ್ಯರಿಗೂ ಸಂಶೋಧಕರಿಗೂ ನಡುವಣ ವಿಶ್ವಾಸ ಮುಖ್ಯ ಕಾರಣ.

ಆ ವಿಶ್ವಾಸಕ್ಕೆ ನೈತಿಕ ಮುಖವೂ ಇದೆ. ಶಿಶುವನ್ನು ಅಧ್ಯಯನಕ್ಕೆ ಸೇರಿಸುವವರು ತಂದೆತಾಯಿ; ಆ ಶಿಶುವಿನ ಒಪ್ಪಿಗೆ ಪಡೆಯಲಾಗದು. ಪ್ರಾಪ್ತ ವಯಸ್ಸಿಗೆ ಬಂದಾಗ ಅವರನ್ನೇ ಕೇಳಿ ಒಪ್ಪಿಗೆ ಪಡೆಯುವುದು, ಬೇಡವೆಂದವರನ್ನು ಒತ್ತಾಯಿಸದಿರುವುದು, ಅವರ ಗುಟ್ಟನ್ನು ಕಾಪಾಡುವುದು, ಪರೀಕ್ಷೆಯಲ್ಲಿ ಕಾಯಿಲೆ ಕಂಡುಬಂದರೆ ಚಿಕಿತ್ಸೆಗೆ ದಾರಿ ತೋರುವುದು ಸಂಶೋಧಕರ ಕರ್ತವ್ಯಗಳು. ಬಡ ಕುಟುಂಬಗಳ ನಡುವೆ ನಡೆಯುವ ಅಧ್ಯಯನದಲ್ಲಿ ಈ ಹೊಣೆ ಇಮ್ಮಡಿಯಾಗುತ್ತದೆ.

ದಾಖಲೆಗಳ ರಕ್ಷಣೆಯ ಪ್ರಶ್ನೆ

ಕರ್ನಾಟಕದ ಮಟ್ಟಿಗೆ ಮೇಲಿನ ವಿವೇಚನೆಯಿಂದ ಹೊರಡುವ ಮುಖ್ಯ ಪ್ರಶ್ನೆ ದಾಖಲೆಗಳದು. ಮಕ್ಕಳ ಬೆಳವಣಿಗೆಯ ಮಾಹಿತಿ ರಾಜ್ಯದಲ್ಲಿ ನಿತ್ಯವೂ ಉತ್ಪತ್ತಿಯಾಗುತ್ತಿದೆ. ಆಸ್ಪತ್ರೆಗಳ ಹೆರಿಗೆ ಪುಸ್ತಕ, ತಾಯಿ ಕಾರ್ಡ್, ಅಂಗನವಾಡಿಯ ತೂಕದ ಪಟ್ಟಿ, ಶಾಲೆಯ ದಾಖಲಾತಿ ಪುಸ್ತಕ ಇವೆಲ್ಲ ಅದರ ಆಕರಗಳು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಪ್ರಾಯೋಗಿಕವಾಗಿ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿನ ಮೊದಲ ಅಂಗನವಾಡಿಗಳ ಮಕ್ಕಳು ಇಂದು ಐವತ್ತರ ಪ್ರಾಯದವರು. ಮಧುಮೇಹ ಮತ್ತು ರಕ್ತದೊತ್ತಡ ಕಾಣಿಸಿಕೊಳ್ಳುವ ವಯಸ್ಸಿನವರು. ಅವರ ಬಾಲ್ಯದ ತೂಕದ ಪುಸ್ತಕಗಳು ಎಲ್ಲಿಯಾದರೂ ಉಳಿದಿದ್ದರೆ ಅವು ಮೈಸೂರಿನ ಹೆರಿಗೆ ದಾಖಲೆಗಳಿಗೆ ಸಮನಾದ ಸಂಪತ್ತು. ಉಳಿದಿಲ್ಲವಾದರೆ ಒಂದು ತಲೆಮಾರಿನ ಅಳತೆ ಮತ್ತೆ ದೊರೆಯುವಂತಿಲ್ಲ. ಏಕೆಂದರೆ ಬೆಳೆದ ವ್ಯಕ್ತಿಯ ಬಾಲ್ಯವನ್ನು ಎರಡನೆಯ ಬಾರಿ ತೂಗಲಾಗದು.

ಕಚೇರಿಗಳಲ್ಲಿ ಅವಧಿ ಮೀರಿದ ಕಡತಗಳನ್ನು ವಿಲೇವಾರಿ ಮಾಡುವುದು ವಾಡಿಕೆ. ಆಡಳಿತಕ್ಕೆ ಬೇಡವಾದ ಕಡತ ಸಂಶೋಧನೆಗೂ ಬೇಡವೆಂದು ಭಾವಿಸಲಾಗದು. ಜಿಲ್ಲಾವಾರು ಹಳೆಯ ಹೆರಿಗೆ ಮತ್ತು ತೂಕದ ದಾಖಲೆಗಳ ಪಟ್ಟಿ ತಯಾರಿಸುವುದು, ನಾಶದ ಅಂಚಿನಲ್ಲಿರುವವನ್ನು ಗಣಕೀಕರಿಸುವುದು, ಖಾಸಗಿತನಕ್ಕೆ ಧಕ್ಕೆಯಾಗದಂತೆ ಅವುಗಳನ್ನು ಪತ್ರಾಗಾರ ಅಥವಾ ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿ ಇರಿಸುವುದು ಸಾಧ್ಯವಾದ ಕೆಲಸಗಳು. ಇದಕ್ಕೆ ವೈದ್ಯರ ಜೊತೆಗೆ ಗ್ರಂಥಪಾಲಕರ ಪರಿಣತಿಯೂ ಬೇಕು.

ಸಮಾರೋಪ

ದೀರ್ಘಕಾಲಿಕ ಅಧ್ಯಯನಗಳು ಗಾದೆಯ ಮಾತನ್ನು ತಳ್ಳಿಹಾಕಿಲ್ಲ. ಅದರ ಮಿತಿಯನ್ನು ಗುರುತಿಸಿವೆ. ಮೈಸೂರು, ದೆಹಲಿ, ಡ್ಯುನೇಡಿನ್‌ಗಳ ಫಲಿತಗಳು ಎಳವೆಯ ಸ್ಥಿತಿ ಜೀವನದುದ್ದಕ್ಕೂ ಗುರುತು ಬಿಡುತ್ತದೆಂದು ಹೇಳುತ್ತವೆ. ಕವಾಯ್ ದ್ವೀಪದ ಮಕ್ಕಳೂ ಅನಂತಪುರದ ಕಡೆಯ ಮಕ್ಕಳೂ ಆ ಗುರುತನ್ನು ಆರೈಕೆಯಿಂದ ತಿದ್ದಬಹುದೆಂದು ತೋರಿಸುತ್ತಾರೆ. ಯಾವ ವಯಸ್ಸಿನಲ್ಲಿ, ಯಾವ ಆರೈಕೆಯಿಂದ, ಎಷ್ಟರಮಟ್ಟಿಗೆ ಎಂಬುದನ್ನು ಆಯಾ ನೆಲದ ಮಕ್ಕಳಿಂದಲೇ ಅರಿಯಬೇಕು. 1934ರಲ್ಲಿ ಮೈಸೂರಿನ ಹೆರಿಗೆ ಕೋಣೆಯಲ್ಲಿ ಶಿಶುವನ್ನು ತೂಗಿ, ಉದ್ದ ಅಳೆದು, ಪುಸ್ತಕದಲ್ಲಿ ಬರೆದವರ ಹೆಸರುಗಳು ಸಂಶೋಧನಾ ಪತ್ರಿಕೆಗಳಲ್ಲಿ ಕಾಣುವುದಿಲ್ಲ. ಅವರು ಬರೆದ ಅಂಕಿಗಳಿಗೆ ಅರವತ್ತು ವರ್ಷಗಳ ಅನಂತರ ಅರ್ಥ ದೊರೆಯಿತು. ಈ ಹೊತ್ತು ರಾಜ್ಯದ ಅಂಗನವಾಡಿಗಳಲ್ಲಿ ಬರೆಯಲಾಗುತ್ತಿರುವ ಅಂಕಿಗಳೂ ಅಷ್ಟು ಕಾಲ ಉಳಿದರೆ ಮಾತ್ರ ಇಂದಿನ ಮಕ್ಕಳ ಬಾಳಿನಿಂದ ಮುಂದಿನವರು ಕಲಿಯಲು ಸಾಧ್ಯವಾದೀತು.